ಮುರಕಲ್ಲಿನ ನೆಲದಲ್ಲಿ 160 ಮೀಟರ್ ಆಂಟೆನಾ: ನ್ಯಾನೋವಿಎನ್‌ಎ-ಎಚ್4 ಬಳಸಿದ ಅನುಭವ

1.8 ಮೆಗಾಹರ್ಟ್ಸ್‌ನಲ್ಲಿ, ಅಂದರೆ 160 ಮೀಟರ್ ತರಂಗದ ಬ್ಯಾಂಡಿನಲ್ಲಿ, ಆಂಟೆನಾ ಕಟ್ಟುವ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರು ಬರೀ ಎಸ್‌ಡಬ್ಲ್ಯುಆರ್ ಮೀಟರ್ ನಂಬಿ ಕೂರಬೇಡಿ. ರೇಡಿಯೋಗೂ ಆಂಟೆನಾಕ್ಕೂ ಎಷ್ಟು ಹೊಂದಿಕೆ ಇದೆ ಎಂದಷ್ಟೇ ಅದು ಹೇಳುತ್ತದೆ, 1 ಬಂದರೆ ಪೂರ್ತಿ ಹೊಂದಿಕೆ. ರೆಸಿಸ್ಟೆನ್ಸ್ (ರೋಧ) ಎಷ್ಟು, ರಿಯಾಕ್ಟೆನ್ಸ್ (ಕಾಯಿಲ್, ಕೆಪಾಸಿಟರ್‌ನಂಥ ಪ್ರತಿರೋಧ) ಎಷ್ಟು ಎಂದು ಬೇರೆ ಬೇರೆ ತೋರಿಸುವ ಉಪಕರಣ ಬೇಕು. ಆ ಕೆಲಸಕ್ಕೆ ಈ ಪುಟ್ಟ ನ್ಯಾನೋವಿಎನ್‌ಎ ನನಗೆ ತುಂಬಾ ಹಿಡಿಸಿದೆ. ಮಳೆಗಾಲ, ಬೇಸಿಗೆ ಎರಡರಲ್ಲೂ ಬಳಸಿಯೇ ಈ ಮಾತು ಹೇಳುತ್ತಿದ್ದೇನೆ.

ನಮ್ಮದು ಬದಿಯಡ್ಕ ಕಡೆಯ ಅಡಿಕೆ ತೋಟ. ಮೇಲೆ ತೆಳ್ಳಗೆ ಮಣ್ಣು, ಕೆಳಗೆ ಮುರಕಲ್ಲು. ಇಲ್ಲಿ ಒಂದು ಅರ್ಥ್ ರಾಡ್ ಹೊಡೆದು ಸುಮ್ನೆ ಬಿಟ್ಟರೆ ಆಂಟೆನಾಕ್ಕೆ ಏನೂ ಸಾಲದು. ಈ ಬ್ಯಾಂಡಿನಲ್ಲಿ ಕಾಲು ತರಂಗ ಅಂದರೆ ಸುಮಾರು 41 ಮೀಟರ್. ಅಷ್ಟು ಎತ್ತರ ಎಲ್ಲಿಂದ ತರುವುದು? ಹಾಗಾಗಿ ತಂತಿ 15 ಮೀಟರ್ ನೇರ ಮೇಲಕ್ಕೆ ಹೋಗಿ, ಉಳಿದದ್ದು ಅಡಿಕೆ ಮರಗಳ ನಡುವೆ ಅಡ್ಡ ಹೋಗುತ್ತದೆ. ಇನ್ವರ್ಟೆಡ್ ಎಲ್ ಎನ್ನುತ್ತಾರಲ್ಲ, ಅದು.

ಇದರ ರೇಡಿಯೇಶನ್ ರೆಸಿಸ್ಟೆನ್ಸ್ (ಶಕ್ತಿಯನ್ನು ನಿಜವಾಗಿ ಅಲೆಯಾಗಿ ಹೊರಗೆ ಕಳಿಸುವ ಪಾಲು) 12 ಓಮ್ ಆಸುಪಾಸು. ನೆಲದಲ್ಲಿ ನಾಲ್ಕೇ ರೇಡಿಯಲ್ (ಆಂಟೆನಾದ ಬುಡದಿಂದ ಸುತ್ತಲೂ ಹರಡುವ ತಂತಿ) ಇದ್ದಾಗ ಉಪಕರಣ 50 ಓಮ್ ತೋರಿಸಿತು. ಎಸ್‌ಡಬ್ಲ್ಯುಆರ್ ಸರಿಯಾಗಿ 1. ನೋಡಲು ಚಂದ, ಅಲ್ವಾ? ಆದರೆ ಲೆಕ್ಕ ಹಾಕಿ. 50ರಲ್ಲಿ ಆಂಟೆನಾದ ಪಾಲು 12 ಮಾತ್ರ. ಉಳಿದ 38 ಹೆಚ್ಚುಕಡಿಮೆ ಎಲ್ಲವೂ ನೆಲದ ನಷ್ಟ. 100 ವಾಟ್ ಕೊಟ್ಟರೆ ಹೊರಗೆ ಹೋಗುವುದು 24 ವಾಟ್. ಏನನ್ನೂ ಹೊರಗೆ ಕಳಿಸದೆ ಬರೀ ಬಿಸಿಯಾಗುವ ಡಮ್ಮಿ ಲೋಡ್ ಸಿಕ್ಕಿಸಿದರೂ ಎಸ್‌ಡಬ್ಲ್ಯುಆರ್ 1 ಬರುತ್ತದೆ ಎಂಬುದನ್ನು ಮರೆಯಬೇಡಿ.

ರೇಡಿಯಲ್ ಹೆಚ್ಚಿಸಿದ ಹಾಗೆ ಓಮ್ ಇಳಿಯುತ್ತಾ ಬಂತು. 32 ತಂತಿಗೆ 22 ಓಮ್. ಎಸ್‌ಡಬ್ಲ್ಯುಆರ್ 2.3ಕ್ಕೆ ಏರಿತು, ಆದರೆ ಲೆಕ್ಕದ ಪ್ರಕಾರ ಸಿಗ್ನಲ್ ಮೂರೂವರೆ ಡಿಬಿ (ಡೆಸಿಬೆಲ್) ಜಾಸ್ತಿ, ಅಂದರೆ ಎರಡು ಪಟ್ಟಿಗೂ ಹೆಚ್ಚು! ಬುಡದಲ್ಲಿ ಕಾಯಿಲ್ ಹಾಕಿ 50ಕ್ಕೆ ಹೊಂದಿಸುವುದು ಆಮೇಲಿನ ಕೆಲಸ. ಪ್ರಸಾರ ಕೇಂದ್ರಗಳ 120 ರೇಡಿಯಲ್ ಪದ್ಧತಿಯ ಹಿಂದೆ ಬ್ರೌನ್, ಲೂಯಿಸ್, ಎಪ್‌ಸ್ಟೈನ್ 1937ರಲ್ಲಿ ಪ್ರಕಟಿಸಿದ ಅಳತೆಗಳಿವೆ. ನಮಗೆ ಅಷ್ಟು ಬೇಡ. ನೆಲಕ್ಕೆ ತಾಗಿದ ತಂತಿಯನ್ನು ಕಾಲು ತರಂಗಕ್ಕೇ ಕತ್ತರಿಸಬೇಕೆಂದೂ ಇಲ್ಲ. ಇರುವ ತಂತಿಯಲ್ಲಿ ಉದ್ದದ ನಾಲ್ಕಕ್ಕಿಂತ ಗಿಡ್ಡದ ಹದಿನಾರು ಮೇಲು. ಎತ್ತರದಲ್ಲಿ ಕಟ್ಟುವ ರೇಡಿಯಲ್‌ಗಳಿಗೆ ಮಾತ್ರ ಅಳತೆ ಮುಖ್ಯ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಓಮ್ ಇನ್ನೂ ಸ್ವಲ್ಪ ಇಳಿಯುತ್ತದೆ. ರೇಡಿಯಲ್ ಕಡಿಮೆ ಇದ್ದಾಗ ಈ ಏರಿಳಿತ ಜಾಸ್ತಿ ಇತ್ತು. ಒಮ್ಮೆ ಮಳೆಗಾಲದಲ್ಲೇ 27 ತೋರಿಸಿತು. ನೋಡಿದರೆ, ಹುಲ್ಲು ಹೊಡೆಯುವ ಮಷಿನ್‌ಗೆ ಸಿಕ್ಕಿ ಒಂದು ಬದಿಯ ತಂತಿಗಳು ತುಂಡಾಗಿದ್ದವು. ರೇಡಿಯೋದ ಮೀಟರ್‌ನಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ. ಕಾಯಿಲ್ ಹಾಕಿ ಹೊಂದಿಸಿದ್ದರಿಂದ ಎಸ್‌ಡಬ್ಲ್ಯುಆರ್ ಆಗಲೂ ಚೆನ್ನಾಗಿಯೇ ಇತ್ತು.

ಕೊರತೆಗಳೂ ಇವೆ. 4 ಇಂಚಿನ ಪರದೆ ಬಿಸಿಲಿಗೆ ಕಾಣುವುದಿಲ್ಲ, ಸಂಜೆಯೇ ಆಗಬೇಕು. ಎಸ್‌ಎಂಎ ಕನೆಕ್ಟರ್ ಬಹಳ ಸಣ್ಣದು. ಗಿಡ್ಡ ಕೇಬಲ್ ಒಂದನ್ನು ಖಾಯಂ ಸಿಕ್ಕಿಸಿಡಿ. ಓಪನ್, ಶಾರ್ಟ್, ಲೋಡ್ ಕ್ಯಾಲಿಬ್ರೇಶನ್ (ಉಪಕರಣದ ಅಳತೆ ಸರಿಹೊಂದಿಸುವುದು) ಆ ಕೇಬಲಿನ ತುದಿಯಲ್ಲೇ ಮಾಡಬೇಕು. ಲ್ಯಾಪ್‌ಟಾಪ್ ಜೋಡಿಸದೆ ಬ್ಯಾಟರಿಯಲ್ಲೇ ಅಳೆಯಿರಿ, ಇಲ್ಲದಿದ್ದರೆ ಯುಎಸ್‌ಬಿ ತಂತಿಯೂ ರೇಡಿಯಲ್‌ನ ಜೊತೆ ಸೇರಿಕೊಳ್ಳುತ್ತದೆ. ಸಿಕ್ಕಿಸುವ ಮೊದಲು ಆಂಟೆನಾ ತಂತಿಯನ್ನು ರೇಡಿಯಲ್‌ಗೆ ತಾಗಿಸಿ ಸ್ಟ್ಯಾಟಿಕ್ (ತಂತಿಯಲ್ಲಿ ಕೂಡಿಕೊಂಡ ವಿದ್ಯುತ್) ಇಳಿಸಿ. ತುಲಾ ತಿಂಗಳ ಗುಡುಗಿನ ಮೋಡ ಕಂಡರೆ ಆ ದಿನ ಅಳತೆಯೇ ಬೇಡ.

ಬರೀ ಡೈಪೋಲ್ (ನೆಲದ ಹಂಗಿಲ್ಲದ ಎರಡು ತೋಳಿನ ಆಂಟೆನಾ) ಕಟ್ಟುವವರಿಗೆ ಸಾದಾ ಮೀಟರ್ ಸಾಕು. ನೆಲ ನಂಬಿದ ಆಂಟೆನಾ ಇದ್ದರೆ ಇದನ್ನು ತಗೊಳ್ಳಿ.