ಹಳೇ ಸ್ಕೇಟ್ಸ್ ತಗೊಳ್ಳುವ ಮುಂಚೆ ತಿರುಗಿಸಿ ತಳ ನೋಡಿ

ಮಕ್ಕಳಿಗೆ ಸೆಕೆಂಡ್ ಹ್ಯಾಂಡ್ ಸ್ಕೇಟ್ಸ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ನಾನು ಸರಿಯಾಗಿ ನೋಡದೆ ತಂದ ಒಂದು ಜೊತೆ ಕ್ವಾಡ್ ಸ್ಕೇಟ್ಸ್‌ನಿಂದ (ಮುಂದೆ ಎರಡು, ಹಿಂದೆ ಎರಡು ಚಕ್ರ ಇರುವಂಥದ್ದು) ನನ್ನ ಮಗಳ ಎಡಗೈ ಮಣಿಕಟ್ಟಿಗೆ ಮೂರು ವಾರ ಪ್ಲಾಸ್ಟರ್ ಹಾಕಬೇಕಾಯಿತು.

ಅವಳಿಗೆ ಒಂಬತ್ತು ವರ್ಷ. ಇನ್ನು ಶೂ ಸ್ಕೇಟ್ಸ್ ತನ್ನಿ ಎಂದು ಕೋಚ್ ಹೇಳಿದ್ದರು. ಹೊಸದು ದುಬಾರಿ, ಕಾಲಿನ ಸೈಜ್ ಬೇರೆ ಬೇಗ ಬದಲಾಗುತ್ತದೆ ಅಲ್ವಾ, ಹಾಗಾಗಿ 4,000 ರೂಪಾಯಿಗೆ ಹಳೇದು ಸಿಕ್ಕಾಗ ಖುಷಿಯಾಯಿತು. ಶೂ ಪಳಪಳ ಹೊಳೆಯುತ್ತಿತ್ತು. ಮಾರುವವರು ಚಕ್ರವನ್ನು ಬೆರಳಿನಿಂದ ಒಮ್ಮೆ ತಿರುಗಿಸಿದರು, ಅದು ನಿಲ್ಲಲೇ ಇಲ್ಲ. "ನೋಡಿ ಮೇಡಂ, ನನ್ನ ಮಗ ಆರೇ ತಿಂಗಳು ಹಾಕಿದ್ದು" ಎಂದರು. ನಾನು ದುಡ್ಡು ಕೊಟ್ಟು ಬಂದೆ.

ಚಕ್ರ ಜಾಸ್ತಿ ಹೊತ್ತು ತಿರುಗಿದರೆ ಬೇರಿಂಗ್ (ಚಕ್ರದೊಳಗಿನ ಗುಂಡುಗಳ ಬಳೆ) ಚೆನ್ನಾಗಿದೆ ಅಂತ ಅಲ್ಲ. ಗ್ರೀಸ್ ತುಂಬಿದ ಹೊಸ ಬೇರಿಂಗ್ ಕೈಯಲ್ಲಿ ಬೇಗ ನಿಲ್ಲುತ್ತದೆ. ಸ್ಪ್ರೇ ಎಣ್ಣೆ ಹೊಡೆದು ಗ್ರೀಸ್ ತೊಳೆದುಹೋದ ಹಳೇ ಬೇರಿಂಗ್ ತುಂಬಾ ಹೊತ್ತು ತಿರುಗುತ್ತದೆ. ಅದಕ್ಕೇ ಕಿವಿ ಹತ್ತಿರ ಹಿಡಿದು ತಿರುಗಿಸಿ. ಮರಳು ಉಜ್ಜಿದ ಹಾಗೆ ಸದ್ದು ಬಂದರೆ ಒಳಗೆ ತುಕ್ಕೋ ಮಣ್ಣೋ ಇದೆ. ಆದರೂ ಬೇರಿಂಗ್ ಬದಲಾಯಿಸಬಹುದು, ಅದು ದೊಡ್ಡ ಭಯ ಅಲ್ಲ. ಚಕ್ರಕ್ಕೆ ಎರಡರಂತೆ ಒಂದು ಜೊತೆಗೆ 16 ಬೇಕು, ಆ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ ಅಷ್ಟೆ.

ನಮಗೆ ಕೈಕೊಟ್ಟಿದ್ದು ತಳ. ನಾಲ್ಕನೇ ದಿನ ತಿರುವಿನಲ್ಲಿ ವಾಲುವಾಗ ಮುಂದಿನ ಎರಡು ಚಕ್ರಗಳು ಟ್ರಕ್ (ಎರಡು ಚಕ್ರಗಳನ್ನು ಹಿಡಿದಿರುವ ಲೋಹದ ಭಾಗ) ಸಮೇತ ಕಿತ್ತು ಬಂದವು. ಅವಳು ಕೈ ಊರಿ ಬಿದ್ದಳು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಆಮೇಲೆ ಕೋಚ್ ಮುರಿದ ಭಾಗ ಹಿಡಿದು ತೋರಿಸಿದರು. ಟ್ರಕ್ಕಿನ ಮೂತಿ ಒಂದು ಚಿಕ್ಕ ಬಟ್ಟಲಿನಲ್ಲಿ ಕೂರಬೇಕು, ಅದಕ್ಕೆ ಪಿವೋಟ್ ಕಪ್ ಅನ್ನುತ್ತಾರೆ. ನಮ್ಮದರಲ್ಲಿ ಅದು ಪುಡಿಯಾಗಿತ್ತು. ಅದು ಹೋದರೆ ಟ್ರಕ್ ಅಲ್ಲಾಡಿ, ಭಾರವೆಲ್ಲ ಟ್ರಕ್ಕನ್ನು ತಳಕ್ಕೆ ಬಿಗಿದಿರುವ ಕಿಂಗ್‌ಪಿನ್ ಬೋಲ್ಟ್ ಮೇಲೆ, ಆ ಬೋಲ್ಟನ್ನು ಹಿಡಿದಿರುವ ಶೂ ತಳದ ನೈಲಾನ್ ಪ್ಲೇಟ್ ಮೇಲೆ ಬೀಳುತ್ತದೆ. ಮುರಿದ ಜಾಗದ ಅರ್ಧ ಭಾಗ ಕೊಳೆ ಕೂತು ಕಪ್ಪಾಗಿತ್ತು, ಇನ್ನರ್ಧ ಮಾತ್ರ ಆಗ ತಾನೇ ಮುರಿದ ಹಾಗೆ ಬೆಳ್ಳಗಿತ್ತು. ಅಂದರೆ ನಾನು ಕೊಳ್ಳುವಾಗಲೇ ಬಿರುಕು ಇತ್ತು. ಟಾರ್ಚ್ ಹಾಕಿ ನೋಡಿದ್ದರೆ ಕಾಣುತ್ತಿತ್ತು.

ನೀವು ಹೋಗುವಾಗ ಒಂದು ಒದ್ದೆ ಬಟ್ಟೆ, ಟಾರ್ಚ್, 13 ನಂಬರ್ ಸ್ಪ್ಯಾನರ್ ಇಟ್ಟುಕೊಂಡು ಹೋಗಿ. ಕಿಂಗ್‌ಪಿನ್ ಸುತ್ತ ಕೊಳೆ ಒರೆಸಿ ಬಿರುಕು ಹುಡುಕಿ. ಟ್ರಕ್ ಹಿಡಿದು ಜೋರಾಗಿ ಅಲ್ಲಾಡಿಸಿ, ಟಕ್ ಟಕ್ ಅಂದರೆ ಕಪ್ ಸವೆದಿದೆ. ಕಿಂಗ್‌ಪಿನ್ ಸುತ್ತ ಇರುವ ರಬ್ಬರ್ ಬುಷ್ (ಮೆತ್ತನೆಯ ಬಳೆ) ಉಗುರಲ್ಲಿ ಒತ್ತಿದರೆ ಉದುರುವ ಹಾಗಿರಬಾರದು. ಒಂದು ಚಕ್ರದ ನಟ್ ಬಿಚ್ಚಿಸಿ. ಅದರೊಳಗೆ ನೈಲಾನ್ ಬಳೆ ಇರುತ್ತದೆ, ಸ್ಪ್ಯಾನರ್ ಇಲ್ಲದೆ ಬೆರಳಲ್ಲೇ ಪೂರ್ತಿ ತಿರುಗಿದರೆ ಆ ನಟ್ ಓಡುವಾಗ ಸಡಿಲವಾಗುತ್ತದೆ. ಆಕ್ಸಲ್, ಅಂದರೆ ಚಕ್ರ ಕೂರುವ ಕಂಬಿಯ ನಟ್ ಹಾಕುವ ಎಳೆ ಸವೆದಿದೆಯಾ ಅಂತಲೂ ನೋಡಿ. ಇನ್ನೊಂದು, ಆಕ್ಸಲ್ 7 ಮಿಮೀ ಇರಬಹುದು, 8 ಮಿಮೀ ಇರಬಹುದು. 7ಕ್ಕೆ 627 ನಂಬರಿನ ಬೇರಿಂಗ್, 8ಕ್ಕೆ 608 ನಂಬರಿನದು. ಹೊರಗಿನ ಅಳತೆ ಎರಡಕ್ಕೂ 22 ಮಿಮೀ, ಹಾಗಾಗಿ ಯಾರೋ ತಪ್ಪಾಗಿ 608 ಹಾಕಿದ್ದರೂ ಚಕ್ರದಲ್ಲಿ ಸಲೀಸಾಗಿ ಕೂರುತ್ತದೆ, ಆದರೆ 7ರ ಆಕ್ಸಲ್ ಮೇಲೆ ಗಡಗಡ ಅಲ್ಲಾಡುತ್ತದೆ.

ಇನ್‌ಲೈನ್ (ಚಕ್ರಗಳೆಲ್ಲ ಒಂದೇ ಸಾಲಿನಲ್ಲಿರುವ ಸ್ಕೇಟ್ಸ್) ಆದರೆ ಚಕ್ರಗಳನ್ನು ಹಿಡಿದಿರುವ ಫ್ರೇಮ್ ನೆಟ್ಟಗಿದೆಯಾ, ಅದನ್ನು ಶೂಗೆ ಹಿಡಿದಿರುವ ಬೋಲ್ಟ್ ಗಟ್ಟಿ ಇದೆಯಾ ನೋಡಿ. ವರ್ಷಗಟ್ಟಲೆ ಸುಮ್ನೆ ಅಟ್ಟದಲ್ಲಿದ್ದ ಶೂ ಹೊಸದರ ಹಾಗೆ ಕಂಡರೂ ಅದರಲ್ಲಿರುವ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಗಾಳಿಯ ತೇವಕ್ಕೇ ಒಳಗೊಳಗೆ ಹಾಳಾಗಿರಬಹುದು.

ಮಾರುವವರಿಗೂ ಒಂದು ಮಾತು. ಚಕ್ರ ಬಿಚ್ಚಿ ತಳದ ಫೋಟೋ ಹಾಕಿ, ಏನು ಬದಲಾಯಿಸಬೇಕೋ ಹೇಳಿ, ಬೆಲೆ ಇಳಿಸಿ. ನನಗೆ ಮಾರಿದವರಿಗೆ ಫೋನ್ ಮಾಡಿದಾಗ "ನಮ್ಮ ಮನೇಲಿದ್ದಾಗ ಸರಿ ಇತ್ತು" ಎಂದರು. ಅವರೂ ತಳ ನೋಡಿರಲಿಕ್ಕಿಲ್ಲ.

ನಮ್ಮ ಶೂ, ಚಕ್ರ ಚೆನ್ನಾಗಿವೆ, ಇಟ್ಟುಕೊಂಡಿದ್ದೇನೆ. ಎರಡೂ ಪ್ಲೇಟುಗಳನ್ನು ಗುಜರಿಗೆ ಹಾಕುವ ಮುಂಚೆ ಗರಗಸದಲ್ಲಿ ಕೊಯ್ದೆ, ಯಾರೂ ಅದನ್ನು ಎತ್ತಿಕೊಂಡು ಮತ್ತೆ ಇನ್ನೊಂದು ಮಗುವಿನ ಶೂಗೆ ಜೋಡಿಸಬಾರದು ಅಂತ.