ತೂಕ ಇಳಿದ ಮೇಲೆ ಜೋತುಬಿದ್ದ ಹೊಟ್ಟೆ: ತೆಗೆಸುವುದೋ, ಬಿಗಿಮಾಡಿಸುವುದೋ, ಕಾಯುವುದೋ
ಪ್ಯಾನಿಕ್ಯುಲೆಕ್ಟಮಿ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಜೋತುಬಿದ್ದ ಚರ್ಮ, ಕೊಬ್ಬನ್ನಷ್ಟೇ ತೆಗೆಯುತ್ತಾರೆ. ಮಡಿಕೆಯೊಳಗೆ ಬೆವರು ನಿಂತು ಪದೇಪದೇ ಹುಣ್ಣಾಗುವವರಿಗೆ ಇಷ್ಟು ಸಾಕು. ಟಮ್ಮಿ ಟಕ್‌ನಲ್ಲಿ ಸಡಿಲಗೊಂಡ ಸ್ನಾಯುಗಳನ್ನೂ ಹೊಲಿದು ಬಿಗಿಮಾಡಿ, ಹೊಕ್ಕುಳನ್ನು ಮತ್ತೆ ಕೂರಿಸುತ್ತಾರೆ. ಆಕಾರ ಚೆನ್ನಾಗಿ ಬರುತ್ತದೆ, ನೋವೂ ಹೆಚ್ಚು.

ಎರಡರಲ್ಲೂ ಸೊಂಟದ ಈ ತುದಿಯಿಂದ ಆ ತುದಿಗೆ ಗಾಯದ ಗೆರೆ ಉಳಿಯುತ್ತದೆ. ಚರ್ಮದಡಿ ನೀರು ತುಂಬಬಹುದು, ಹೊಲಿಗೆ ಬಿಚ್ಚಿಕೊಳ್ಳಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯದಂತೆ ಮಾಡುತ್ತದೆ; ಸಿಗರೇಟನ್ನು ಕನಿಷ್ಠ 4 ವಾರ ಮೊದಲೇ ಬಿಡಲೇಬೇಕು. ತೂಕ ಇಳಿಸುವ ಬೇರಿಯಾಟ್ರಿಕ್ ಸರ್ಜರಿ ಆದವರು ಹಿಮೋಗ್ಲೋಬಿನ್, ಪ್ರೋಟೀನ್ ಮಟ್ಟ ಮೊದಲು ಪರೀಕ್ಷಿಸಿಕೊಳ್ಳಿ.

ತೂಕ ಕನಿಷ್ಠ 6 ತಿಂಗಳು ಒಂದೇ ಮಟ್ಟದಲ್ಲಿ ನಿಲ್ಲದೆ ಯಾವುದೂ ಬೇಡ. ಹುಣ್ಣಿಲ್ಲ, ಮುಂದೆ ಮಗು ಬೇಕು ಎನ್ನುವವರಿಗೆ ಕಾಯುವುದೇ ವಾಸಿ. ಸ್ನಾನವಾದ ಮೇಲೆ ಮಡಿಕೆ ಎತ್ತಿ, ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿಕೊಳ್ಳಿ. ಅಷ್ಟೊಂದು ಹಿಗ್ಗಿದ ಚರ್ಮ ವ್ಯಾಯಾಮದಿಂದ ಬಿಗಿಯಾಗದು.