ಹಳೇ ಬ್ರೌಸರ್ ಕೈಬಿಡೋದು ಯಾವಾಗ: ತಾರೀಖು ನೋಡಿಯೋ, ಜನರನ್ನು ನೋಡಿಯೋ?

ಬ್ರೌಸರ್ ತಯಾರಕರು ಅಪ್‌ಡೇಟ್ ನಿಲ್ಲಿಸಿದ ದಿನವೇ, ವೆಬ್‌ಸೈಟ್ ಮಾಡುವ ನಾವೂ ಅದಕ್ಕೆ ಬೆಂಬಲ ನಿಲ್ಲಿಸೋದು ಸುಲಭ. ಅಪ್‌ಡೇಟ್ ಬರದ ಬ್ರೌಸರ್‌ನಲ್ಲಿ ಸುರಕ್ಷತೆಯ ತೂತುಗಳು ಹಾಗೇ ಉಳಿಯುತ್ತವೆ, ಹಾಗಾಗಿ ಹಣ ಪಾವತಿಸುವ ಸೈಟ್ ನಿಮ್ಮದಾದರೆ ಇದೇ ಸರಿ.

ಉಳಿದವರು ಮೊದಲು ತಮ್ಮ ಸೈಟಿನ ಲಾಗ್, ಅಂದರೆ ಯಾರು ಯಾವ ಬ್ರೌಸರ್‌ನಿಂದ ಬಂದರು ಅನ್ನೋ ದಾಖಲೆ, ನೋಡಲಿ. ವಿಂಡೋಸ್ 7ರಲ್ಲಿ ಕ್ರೋಮ್ ಬ್ರೌಸರ್ 109ನೇ ಆವೃತ್ತಿಗೇ ನಿಂತುಹೋಯಿತು. ಆ ಕಂಪ್ಯೂಟರ್ ಇಟ್ಟುಕೊಂಡವರು ಬೇಕಂತಲೇ ಹಳೇದರಲ್ಲಿ ಕೂತಿಲ್ಲ ಅಲ್ವಾ? ಬರುವವರು ಕಡಿಮೆ ಇದ್ದರೂ, ಅವರು ಅರ್ಜಿ ತುಂಬಲು ಬರುತ್ತಿದ್ದರೆ ನಾನಂತೂ ಕಾಯುತ್ತೇನೆ.

ಇನ್ನೊಂದು ಮಾತು, ಬೆಂಬಲ ನಿಲ್ಲಿಸೋದು ಅಂದರೆ ಬಾಗಿಲು ಹಾಕೋದಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಒಂದೇ ಒಂದು ಆ್ಯರೋ ಫಂಕ್ಷನ್ (ಅದಕ್ಕೆ ಅರ್ಥವಾಗದ, ಜಾವಾಸ್ಕ್ರಿಪ್ಟ್‌ನ ಹೊಸ ಬರವಣಿಗೆ) ಸಿಕ್ಕಿದರೂ ಆ ಇಡೀ ಸ್ಕ್ರಿಪ್ಟ್ ಫೈಲ್ ಓಡುವುದಿಲ್ಲ, ಪುಟವೆಲ್ಲ ಅದರ ಮೇಲೇ ನಿಂತಿದ್ದರೆ ಕಾಣೋದು ಬರೀ ಬಿಳಿ ಪರದೆ. ಅದೇ ಅರ್ಜಿ ಫಾರ್ಮ್ ಅನ್ನು ಸ್ಕ್ರಿಪ್ಟ್ ನೆಚ್ಚದ ಸರಳ ಎಚ್‌ಟಿಎಂಎಲ್‌ನಲ್ಲಿ ಬರೆದಿದ್ದರೆ, ಅಂದ ಕೆಟ್ಟರೂ ಸಲ್ಲಿಸುವ ಬಟನ್ ಕೆಲಸ ಮಾಡುತ್ತದೆ.